ಶಿಕ್ಷೆಯ ಪ್ರಮಾಣ: ನ್ಯಾಯಾಧೀಶರು ಏನೇನನ್ನು ಪರಿಗಣಿಸುತ್ತಾರೆ?

ಆರೋಪ ಸಾಬೀತಾದ ಕೂಡಲೇ ಪ್ರಕರಣ ಮುಗಿಯುವುದಿಲ್ಲ. ಸೆಷನ್ಸ್ ನ್ಯಾಯಾಲಯವು ಆರೋಪಿಯನ್ನು ದೋಷಿಯೆಂದು ತೀರ್ಮಾನಿಸಿದ ಮೇಲೆ, ಶಿಕ್ಷೆಯ ಪ್ರಮಾಣದ ಬಗ್ಗೆ ಅವನ ಮಾತನ್ನು ಪ್ರತ್ಯೇಕವಾಗಿ ಕೇಳಬೇಕು. ದಂಡ ಪ್ರಕ್ರಿಯಾ ಸಂಹಿತೆಯ 235(2)ನೇ ಕಲಮಿನಲ್ಲಿದ್ದ ಈ ನಿಯಮ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 258(2)ರಲ್ಲಿದೆ. ಇದನ್ನು ಬರೀ ಶಾಸ್ತ್ರಕ್ಕೆ ನಡೆಸುವ ಕಲಾಪವೆಂದು ತಿಳಿಯಬೇಡಿ. 1976ರ ಸಂತಾ ಸಿಂಗ್ ಪ್ರಕರಣದಲ್ಲಿ ಹೀಗೆ ಕೇಳದೆ ವಿಧಿಸಿದ್ದ ಮರಣದಂಡನೆಯನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿ, ಶಿಕ್ಷೆಯ ಪ್ರಶ್ನೆಯನ್ನು ಕೆಳ ನ್ಯಾಯಾಲಯಕ್ಕೆ ಮರಳಿಸಿತು.

ಈ ಎರಡನೆಯ ಹಂತ ಏಕೆ ಬೇಕು? ಕೃತ್ಯ ನಡೆಯಿತೇ ಎಂದು ನಿರ್ಧರಿಸುವಾಗ ಆರೋಪಿಯ ಬಡತನ, ವಯಸ್ಸು, ಮನೆಯ ಪರಿಸ್ಥಿತಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಶಿಕ್ಷೆಯ ಹಂತದಲ್ಲಿ ಅವೇ ಮುಖ್ಯವಾಗುತ್ತವೆ.

ಕಳ್ಳತನವನ್ನೇ ನೋಡಿ. ಭಾರತೀಯ ನ್ಯಾಯ ಸಂಹಿತೆಯ 303(2)ನೇ ಕಲಮಿನ ಪ್ರಕಾರ ಗರಿಷ್ಠ ಶಿಕ್ಷೆ ಮೂರು ವರ್ಷ. ಒಬ್ಬನು 4,000 ರೂಪಾಯಿ ಬೆಲೆಯ ಮೊಬೈಲ್ ಕದ್ದಿದ್ದಾನೆ ಎಂದುಕೊಳ್ಳಿ. ಅವನಿಗೆ ಇದು ಮೊದಲ ಶಿಕ್ಷೆಯಾಗಿದ್ದು, ಮಾಲನ್ನು ಮರಳಿಸಿದರೆ, ಸಮುದಾಯ ಸೇವೆಯ ಶಿಕ್ಷೆಯಾಗುತ್ತದೆ. ಮೌಲ್ಯ 5,000 ರೂಪಾಯಿಗಿಂತ ಕಡಿಮೆ ಇದ್ದಾಗ ಮಾತ್ರ ಈ ಅವಕಾಶ. ಅದೇ ಕಲಮಿನಡಿ ಎರಡನೆಯ ಬಾರಿ ದೋಷಿಯಾದವನಿಗೆ ಕನಿಷ್ಠ ಒಂದು ವರ್ಷದಿಂದ ಐದು ವರ್ಷದವರೆಗೆ ಕಠಿಣ ಸೆರೆವಾಸ. ಕದ್ದ ವಸ್ತು ಒಂದೇ. ವ್ಯತ್ಯಾಸವೆಲ್ಲ ಕದ್ದವನ ಹಿನ್ನೆಲೆಯಲ್ಲಿದೆ.

ಮರಣದಂಡನೆಯ ವಿಷಯದಲ್ಲಿ 1980ರ ಬಚನ್ ಸಿಂಗ್ ತೀರ್ಪು ಬುನಾದಿ. ಅಪರೂಪದಲ್ಲಿ ಅಪರೂಪದ ಪ್ರಕರಣಗಳಲ್ಲಿ ಮಾತ್ರ ಗಲ್ಲು ಎಂಬ ಅದರ ಮಾತನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ, ಆದರೆ ತೀರ್ಪಿನ ತಿರುಳು ಬೇರೆಡೆ ಇದೆ: ಕೃತ್ಯದ ಕ್ರೌರ್ಯದ ಜೊತೆಗೆ ಕೃತ್ಯ ಎಸಗಿದವನನ್ನೂ ನೋಡಬೇಕು, ಅವನು ಸುಧಾರಿಸಲಾರ ಎಂಬುದನ್ನು ಸರ್ಕಾರವೇ ಸಾಕ್ಷ್ಯದಿಂದ ತೋರಿಸಬೇಕು. 1983ರ ಮಚ್ಛಿ ಸಿಂಗ್ ತೀರ್ಪು ಐದು ಬಗೆಯ ಘೋರ ಕೃತ್ಯಗಳನ್ನು ಗುರುತಿಸಿದ ಮೇಲೆ ಒತ್ತು ಕೃತ್ಯದ ಕಡೆಗೇ ವಾಲಿತು. ನನ್ನ ದೃಷ್ಟಿಯಲ್ಲಿ ಅದು ಅಪಾಯಕಾರಿ ವಾಲಿಕೆ. 2022ರ ಮನೋಜ್ ತೀರ್ಪು ಇದನ್ನು ಸರಿಪಡಿಸಲು ಯತ್ನಿಸಿದೆ: ಅಪರಾಧಿಯ ಮಾನಸಿಕ ಸ್ಥಿತಿ, ಕುಟುಂಬದ ಹಿನ್ನೆಲೆ, ಜೈಲಿನ ನಡವಳಿಕೆಯ ವರದಿಗಳನ್ನು ವಿಚಾರಣಾ ನ್ಯಾಯಾಲಯವೇ ತರಿಸಿಕೊಳ್ಳಬೇಕು.

ಗಲ್ಲು ಮತ್ತು ಸಾಮಾನ್ಯ ಜೀವಾವಧಿಯ ನಡುವಿನ ದಾರಿ ತೆರೆದದ್ದು ಕರ್ನಾಟಕದ ಪ್ರಕರಣವೇ. 2008ರ ಸ್ವಾಮಿ ಶ್ರದ್ಧಾನಂದ ತೀರ್ಪಿನಲ್ಲಿ, ಅವಧಿಪೂರ್ವ ಬಿಡುಗಡೆಗೆ ಅವಕಾಶವಿಲ್ಲದ, ಜೀವವಿರುವವರೆಗಿನ ಸೆರೆವಾಸವನ್ನು ಸುಪ್ರೀಂ ಕೋರ್ಟ್ ವಿಧಿಸಿತು.

ಶಿಕ್ಷೆಗೆ ಮಾರ್ಗಸೂಚಿ ಬೇಕೆಂದು, ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣೆಗಾಗಿ ನೇಮಕವಾಗಿದ್ದ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಸಮಿತಿ 2003ರಲ್ಲೇ ಹೇಳಿತ್ತು. ಅಂಥ ಸಮಗ್ರ ಶಾಸನ ಇಲ್ಲದಿರುವುದರಿಂದಲೇ ತೀರ್ಪಿನಲ್ಲಿ ಬರೆದ ಕಾರಣಗಳಿಗೆ ಇಷ್ಟು ಬೆಲೆ. ಶಿಕ್ಷೆ ಹೆಚ್ಚಾಯಿತೆಂದು ಅಪರಾಧಿಯಾಗಲಿ, ಕಡಿಮೆಯಾಯಿತೆಂದು ಸರ್ಕಾರವಾಗಲಿ ಮೇಲ್ಮನವಿ ಹಾಕಿದಾಗ ಮೇಲಿನ ನ್ಯಾಯಾಲಯ ಮೊದಲು ಓದುವುದು ಆ ಕಾರಣಗಳನ್ನೇ.