ಹಳೇ ಬಸ್ಸು, ಜೋಡಿ ತಂತಿ: ಬ್ರಾಡ್‌ಫರ್ಡ್ ಟ್ರಾಲಿಬಸ್‌ನ ಸುಮಾರು 61 ವರ್ಷ

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿರುವ ಬ್ರಾಡ್‌ಫರ್ಡ್ ಉಣ್ಣೆ ಗಿರಣಿಗಳಿಗೆ ಹೆಸರಾಗಿದ್ದ ಊರು. ಪೇಟೆ ತಗ್ಗಿನಲ್ಲಿ, ಬಡಾವಣೆಗಳು ಸುತ್ತಲ ಏರಿನಲ್ಲಿ. ಅಲ್ಲಿನ ಟ್ರಾಲಿಬಸ್, ಅಂದರೆ ಮೇಲಿನ ತಂತಿಯಿಂದ ಕರೆಂಟು ಪಡೆದು ಹಳಿಯಿಲ್ಲದೆ ಓಡುವ ಬಸ್ಸು, ಅಷ್ಟು ವರ್ಷ ಬಾಳಿದ್ದಕ್ಕೆ ಈ ಏರೂ ಒಂದು ಕಾರಣ. ವಿದ್ಯುತ್ ಮೋಟಾರಿಗೆ ನಿಂತಲ್ಲಿಂದಲೇ ಪೂರ್ತಿ ಎಳೆತದ ಬಲ ಸಿಗುತ್ತದೆ. ಆ ಕಾಲದ ಪೆಟ್ರೋಲ್ ಬಸ್ಸುಗಳು ಇಂಥ ಏರಿನಲ್ಲಿ ಏದುಸಿರು ಬಿಡುತ್ತಿದ್ದವು.

1911ರ ಜೂನ್ 20ರಂದು ಬ್ರಾಡ್‌ಫರ್ಡ್ ಮತ್ತು ಪಕ್ಕದ ಲೀಡ್ಸ್‌ನಲ್ಲಿ ಬ್ರಿಟನ್ನಿನ ಮೊದಲ ಟ್ರಾಲಿಬಸ್ಸುಗಳ ಉದ್ಘಾಟನೆ ನಡೆಯಿತು. ಬ್ರಾಡ್‌ಫರ್ಡ್‌ನಲ್ಲಿ ಜನಸಂಚಾರ ಶುರುವಾದದ್ದು ಜೂನ್ 24ಕ್ಕೆ, ಲೇಸ್ಟರ್‌ಡೈಕ್‌ನಿಂದ ಡಡ್ಲಿ ಹಿಲ್‌ವರೆಗೆ. ಎರಡೂ ತುದಿಗೆ ಟ್ರಾಮ್ ಇತ್ತು, ನಡುವಿನ ಅಡ್ಡದಾರಿಗೆ ಹಳಿ ಹಾಸಿದರೆ ಗಿಟ್ಟುತ್ತಿರಲಿಲ್ಲ. ಹಳಿ ಇಲ್ಲದ್ದರಿಂದ ಜನರ ಬಾಯಲ್ಲಿ ಅದು 'ಟ್ರ್ಯಾಕ್‌ಲೆಸ್' ಆಯಿತು. ಪಾಲಿಕೆ 1889ರಿಂದಲೇ ಊರಿಗೆ ವಿದ್ಯುತ್ ಕೊಡುತ್ತಿತ್ತು. ಕರೆಂಟು ಮನೆಯದೇ ಆದಮೇಲೆ ಕಂಬ ನೆಟ್ಟು ತಂತಿ ಎಳೆದರೆ ಸಾಕು ಎಂಬ ಲೆಕ್ಕಾಚಾರ.

ತಂತಿ ಎಳೆಯುವುದೇನೂ ಅಷ್ಟು ಸಲೀಸಲ್ಲ. ಟ್ರಾಮಿಗೆ ಮೇಲೆ ಒಂದೇ ತಂತಿ ಸಾಕು, ಕರೆಂಟು ಹಳಿಯ ಮೂಲಕ ವಾಪಸ್ ಹೋಗುತ್ತದೆ. ರಬ್ಬರ್ ಟೈರಿನ ಬಸ್ಸಿಗೆ ಆ ದಾರಿಯಿಲ್ಲ, ಹೋಗಲೊಂದು, ಬರಲೊಂದು ತಂತಿ ಬೇಕು. ನೆಲದಿಂದ ಸುಮಾರು 20 ಅಡಿ ಎತ್ತರದಲ್ಲಿ, ಒಂದಕ್ಕೊಂದು ಸುಮಾರು 2 ಅಡಿ ಅಂತರದಲ್ಲಿ ಈ ಜೋಡಿ ಸಾಗುತ್ತದೆ. ಎರಡು ಮಾರ್ಗ ಅಡ್ಡ ಹಾಯುವಲ್ಲಿ ಪಾಸಿಟಿವ್ ತಂತಿ ನೆಗೆಟಿವ್ ತಂತಿಯನ್ನು ದಾಟಬೇಕು, ಆದರೆ ಮುಟ್ಟಕೂಡದು. ಅದಕ್ಕೇ ಅಲ್ಲಿ ಕರೆಂಟಿಲ್ಲದ ಒಂದು ತುಂಡು ಕೂರಿಸುತ್ತಾರೆ. ಚಾಲಕ ಪವರ್ ಪೆಡಲ್ ಬಿಟ್ಟು, ಬಂದ ವೇಗದಲ್ಲೇ ದಾಟಬೇಕು. ಒತ್ತಿಕೊಂಡೇ ಹೋದರೆ ಕಿಡಿ ಹಾರಿ ಇನ್ಸುಲೇಟರ್ ಸುಡುತ್ತದೆ. ದಿನಾ ನೂರಾರು ಬಸ್ಸು ಹಾಯುವ ಜಾಗದಲ್ಲಿ ಹೀಗಾದರೆ ಅದು ಹೆಚ್ಚು ದಿನ ಬಾಳುವುದಿಲ್ಲ. ತೀರಾ ನಿಧಾನವಾಗಿ ಬಂದರೆ ಬಸ್ಸು ಆ ತುಂಡಿನ ಕೆಳಗೇ ನಿಂತುಬಿಡುತ್ತದೆ, ಆಗ ತಳ್ಳುವುದೊಂದೇ ಗತಿ.

ದಾರಿ ಕವಲೊಡೆಯುವ ಕಡೆ ತಂತಿಯಲ್ಲಿ 'ಫ್ರಾಗ್' ಇರುತ್ತದೆ, ರೈಲು ಹಳಿಯ ಪಾಯಿಂಟ್ ಇದ್ದಂತೆ. ಅನೇಕ ಕಡೆ ಕಂಡಕ್ಟರ್ ಇಳಿದು, ಕಂಬದ ಮೇಲಿನ ಹಿಡಿಯನ್ನು ಜಗ್ಗಿ, ಬಸ್ಸಿನ ಮೇಲಿಂದ ತಂತಿಗೆ ತಾಗಿರುವ ಎರಡೂ ಟ್ರಾಲಿ ಕೋಲುಗಳು ದಾಟುವವರೆಗೆ ಹಿಡಿದೇ ಇರಬೇಕು. ಬೇಗ ಕೈಬಿಟ್ಟರೆ ಬಸ್ಸು ಒಂದು ಕಡೆ, ಕೋಲು ಇನ್ನೊಂದು ಕಡೆ. ಸ್ಪ್ರಿಂಗ್ ಬಲಕ್ಕೆ ಕೋಲು ಮೇಲೆ ಚಿಮ್ಮಿ ಅಡ್ಡತಂತಿಗೆ ಬಡಿಯುತ್ತದೆ. ಬಸ್ಸಿನಲ್ಲಿ ಸದಾ ಇರುವ ಉದ್ದ ಬಿದಿರಿನ ದೋಟಿಯ ತುದಿಯ ಕೊಕ್ಕೆಯಿಂದ ಅದನ್ನು ಎಳೆದು ಮತ್ತೆ ತಂತಿಗೆ ಕೂರಿಸಬೇಕು. ಬಿದಿರೇ ಯಾಕೆಂದರೆ ಹಗುರ, ಜೊತೆಗೆ ಒಣಗಿದ್ದರೆ ಕರೆಂಟು ಹರಿಯುವುದಿಲ್ಲ.

ಇನ್ನು ಕೋಲಿನ ತುದಿ. ಮೊದಲು ಅಲ್ಲಿ ಪುಟ್ಟ ಚಕ್ರವಿತ್ತು. ಆಮೇಲೆ ಕಾರ್ಬನ್ ತುಂಡು ಕೂರಿಸಿದ ಜಾರುತಲೆ ಬಂತು. ಸದ್ದು ಕಡಿಮೆ, ತಂತಿಯ ಸವೆತವೂ ಕಡಿಮೆ, ಆದರೆ ಮಳೆ ಬಂದರೆ ಕಾರ್ಬನ್ ಬೇಗ ಸವೆಯುತ್ತದೆ. ಸೋರಿಕೆ ಬೇರೆಯೇ ಚಿಂತೆ. ಬಸ್ಸಿನ ಲೋಹದ ಮೈಗೆ ಅರ್ಥಿಂಗ್ ಇಲ್ಲ. ಒಳಗೆಲ್ಲೋ ಇನ್ಸುಲೇಷನ್ ಸೋತರೆ ನೆಲದಲ್ಲೊಂದು ಕಾಲು, ಮೆಟ್ಟಿಲಲ್ಲೊಂದು ಕಾಲು ಇಟ್ಟವರಿಗೆ ಶಾಕ್. ಹಾಗಾಗಿ ಸೋರಿಕೆ ಪರೀಕ್ಷೆ ಡಿಪೋದ ನಿತ್ಯದ ಕೆಲಸ.

ಲೀಡ್ಸ್ 1928ರಲ್ಲೇ ಕೈಚೆಲ್ಲಿತು. ಬ್ರಾಡ್‌ಫರ್ಡ್ ಮಾತ್ರ ಟ್ರಾಮ್ ಮಾರ್ಗಗಳನ್ನು ಒಂದೊಂದಾಗಿ ಟ್ರಾಲಿಬಸ್ಸಿಗೆ ಬದಲಿಸುತ್ತ ಹೋಯಿತು. ಅಲ್ಲಿನ ಕೊನೆಯ ಟ್ರಾಮ್ ನಿಂತದ್ದು 1950ರಲ್ಲಿ. ಅಷ್ಟರಲ್ಲಿ ಮೂಲ ಲೆಕ್ಕ ತಪ್ಪಿತ್ತು. 1948ರ ರಾಷ್ಟ್ರೀಕರಣದಲ್ಲಿ ವಿದ್ಯುತ್ ಪಾಲಿಕೆಯ ಕೈಬಿಟ್ಟಿತು, ಮನೆಯ ಕರೆಂಟನ್ನು ಹೊರಗಿನವರಿಂದ ಕೊಳ್ಳುವ ಕಾಲ ಬಂತು.

ಆಗ ಪಾಲಿಕೆ ಹಿಡಿದ ದಾರಿ ಜಾಣತನದ್ದು. ಬೇರೆ ಊರುಗಳು ಟ್ರಾಲಿಬಸ್ ನಿಲ್ಲಿಸಿದಾಗಲೆಲ್ಲ ಅವರ ಸೆಕೆಂಡ್‌ಹ್ಯಾಂಡ್ ಗಾಡಿಗಳನ್ನು ಕೊಂಡಿತು: ಡಾರ್ಲಿಂಗ್ಟನ್, ಸೇಂಟ್ ಹೆಲೆನ್ಸ್, ಹೇಸ್ಟಿಂಗ್ಸ್, ಮೆಕ್ಸ್‌ಬರೋ. ಮೋಟಾರು, ಚಾಸಿ ಗಟ್ಟಿ, ಕೊಳೆಯುವುದು ಬಾಡಿ ಮಾತ್ರ. ಆ ಬಾಡಿ ಕಿತ್ತು, ಬ್ಲ್ಯಾಕ್‌ಬರ್ನ್‌ನ ಈಸ್ಟ್ ಲ್ಯಾಂಕಶೈರ್ ಕೋಚ್‌ಬಿಲ್ಡರ್ಸ್‌ನಲ್ಲಿ ಹೊಸದು ಕಟ್ಟಿಸಿತು. ಮೆಕ್ಸ್‌ಬರೋದಲ್ಲಿ ಒಂದೇ ಅಂತಸ್ತಿದ್ದ ಬಸ್ಸುಗಳು ಬ್ರಾಡ್‌ಫರ್ಡ್‌ನಲ್ಲಿ ಡಬಲ್ ಡೆಕ್ಕರ್ ಆದವು.

ಬಸ್ಸನ್ನು ಹೀಗೆ ತೇಪೆ ಹಾಕಿ ಓಡಿಸಬಹುದು, ತಂತಿಯನ್ನಲ್ಲ. 1960ರ ದಶಕದಲ್ಲಿ ಪೇಟೆಯ ನಡುವೆ ಹೊಸ ರಸ್ತೆ, ವೃತ್ತ, ಏಕಮುಖ ಸಂಚಾರ ಬಂದವು. ಡೀಸೆಲ್ ಬಸ್ಸಿಗಾದರೆ ಬೋರ್ಡು ಬದಲಿಸಿದರೆ ಮುಗಿಯಿತು. ಟ್ರಾಲಿಬಸ್ಸಿಗೆ ಕಂಬ, ಫ್ರಾಗ್, ಅಡ್ಡಹಾಯುವ ತುಂಡು ಎಲ್ಲ ಕಿತ್ತು ಮತ್ತೆ ಕೂರಿಸಬೇಕು. ಬ್ರಿಟಿಷ್ ಊರೊಂದಕ್ಕೆ ಹೊಸ ಟ್ರಾಲಿಬಸ್ ಕೊನೆಯದಾಗಿ ಬಂದದ್ದು 1962ರಲ್ಲಿ, ಬೋರ್ನ್‌ಮತ್‌ಗೆ. ಗಿರಾಕಿ ಕಡಿಮೆಯಾದಂತೆ ಬಿಡಿಭಾಗವೂ ದುರ್ಲಭವಾಯಿತು.

1968ರಲ್ಲಿ ರೆಡಿಂಗ್, 1969ರಲ್ಲಿ ಬೋರ್ನ್‌ಮತ್, 1970ರಲ್ಲಿ ವಾಲ್ಸಾಲ್, 1971ರ ಏಪ್ರಿಲ್‌ನಲ್ಲಿ ಟೀಸೈಡ್ ನಿಲ್ಲಿಸಿದವು. ಹಳೇ ಗಾಡಿ ಮಾರಲು ದೇಶದಲ್ಲಿ ಇನ್ನೊಂದು ಊರೂ ಉಳಿಯಲಿಲ್ಲ. 1972ರ ಮಾರ್ಚ್ 26ರಂದು ಬ್ರಾಡ್‌ಫರ್ಡ್‌ನ 844ನೇ ನಂಬರಿನ ಬಸ್ಸು ಕೊನೆಯ ಓಟ ಮುಗಿಸಿತು.