ನಾಲ್ಕು ಮರ, ಒಬ್ಬ ಹುಡುಗ, ಕಣ್ಣಿಗೊಂದು ಬಟ್ಟೆ

1784ರಲ್ಲಿ ಪ್ಯಾರಿಸ್ ಪಕ್ಕದ ಪಾಸಿ ಎಂಬಲ್ಲಿ, ಬೆಂಜಮಿನ್ ಫ್ರಾಂಕ್ಲಿನ್ ಮನೆಯ ತೋಟಕ್ಕೆ ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಕರೆತಂದರು. ಅವನ ಕಣ್ಣಿಗೆ ಬಟ್ಟೆ ಕಟ್ಟಿದ್ದರು. ತೋಟದ ಒಂದು ಏಪ್ರಿಕಾಟ್ ಮರಕ್ಕೆ ಆಗಲೇ 'ಶಕ್ತಿ' ತುಂಬಿಸಿ ಆಗಿತ್ತು. ಹುಡುಗ ಒಂದೊಂದೇ ಮರವನ್ನು ತಬ್ಬಿಕೊಳ್ಳುತ್ತ ಹೋಗಬೇಕು. ಶಕ್ತಿಯ ಮರ ಸಿಕ್ಕ ತಕ್ಷಣ ಅವನ ಮೈಗೆ ಗೊತ್ತಾಗುತ್ತದೆ ಎನ್ನುವುದು ಲೆಕ್ಕ.

ಮೊದಲ ಮರಕ್ಕೇ ಹುಡುಗ ಬೆವರಿದ, ಕೆಮ್ಮಿದ. ಒಂದೊಂದು ಮರ ದಾಟಿದಂತೆ ಅವನ ಸ್ಥಿತಿ ಕೆಡುತ್ತ ಹೋಯಿತು. ನಾಲ್ಕನೆಯದರ ಹತ್ತಿರ ಪ್ರಜ್ಞೆ ತಪ್ಪಿ ಬಿದ್ದೇಬಿಟ್ಟ. ಶಕ್ತಿ ತುಂಬಿದ್ದ ಮರ ಅಲ್ಲಿಂದ ಸುಮಾರು 24 ಅಡಿ ದೂರದಲ್ಲಿತ್ತು. ಅದನ್ನು ಅವನು ಮುಟ್ಟಿರಲೇ ಇಲ್ಲ!

ಇದೆಲ್ಲದರ ಹಿಂದೆ ಇದ್ದವನು ಫ್ರಾನ್ಜ್ ಮೆಸ್ಮರ್ ಎಂಬ ವೈದ್ಯ. ಕಣ್ಣಿಗೆ ಕಾಣದ ಒಂದು ಕಾಂತ ಪ್ರವಾಹ ಎಲ್ಲರ ಮೈಯಲ್ಲೂ ಹರಿಯುತ್ತದೆ, ಅದು ಕಟ್ಟಿಕೊಂಡರೆ ಕಾಯಿಲೆ, ಬಿಡಿಸಿದರೆ ಗುಣ ಅನ್ನುತ್ತಿದ್ದ. (ಹೆಸರು ಬದಲಾಯಿಸಿ ನೋಡಿ, ಇವತ್ತಿಗೂ ಇದೇ ವಿವರಣೆ ಎಷ್ಟೊಂದು ಕಡೆ ಕೇಳುತ್ತೇವೆ, ಅಲ್ವಾ?) ಪ್ಯಾರಿಸ್ ಜನ ಅವನ ಚಿಕಿತ್ಸೆಗೆ ಮುಗಿಬಿದ್ದಿದ್ದರು. ಇದನ್ನು ಪರೀಕ್ಷಿಸಲು ದೊರೆ ಹದಿನಾರನೇ ಲೂಯಿ ಒಂದು ಸಮಿತಿ ಮಾಡಿದ. ಫ್ರಾಂಕ್ಲಿನ್ ಜೊತೆ ರಸಾಯನ ವಿಜ್ಞಾನಿ ಲವಾಸಿಯೆ ಕೂಡ ಅದರಲ್ಲಿದ್ದರು. ಮರಕ್ಕೆ ಶಕ್ತಿ ತುಂಬಿಸಿದ್ದು ಮೆಸ್ಮರನ ಶಿಷ್ಯ ಡೆಸ್ಲಾನ್. ಹುಡುಗನನ್ನು ಆರಿಸಿ ತಂದವನೂ ಅವನೇ. ಪರೀಕ್ಷೆ ಕೈಕೊಟ್ಟಾಗ, ಎಲ್ಲ ಮರಗಳಲ್ಲೂ ಸ್ವಲ್ಪ ಶಕ್ತಿ ಇದ್ದೇ ಇರುತ್ತದೆ ಎಂದ. ಹಾಗಿದ್ದರೆ ತೋಟದಲ್ಲಿ ಅಡ್ಡಾಡುವವರೆಲ್ಲ ದಿನಾ ಮೂರ್ಛೆ ಹೋಗಬೇಕಿತ್ತಲ್ಲ!

ಹುಡುಗ ನಾಟಕ ಆಡಿದ ಅಂತ ನನಗೆ ಅನ್ನಿಸುವುದಿಲ್ಲ. ಬೆವರು, ಕೆಮ್ಮು ಎಲ್ಲ ನಿಜವೇ. ಅದಕ್ಕೆ ಮರ ಕಾರಣವಲ್ಲ, ಅಷ್ಟೇ. ಇದೆಲ್ಲ ಕಲ್ಪನೆಯ ಕೆಲಸ ಎಂದು ಸಮಿತಿ ತೀರ್ಮಾನಿಸಿತು. ಆದರೆ ಡೆಸ್ಲಾನ್ ಇದಕ್ಕೂ ಮುಂಚೆಯೇ ಒಂದು ಒಳ್ಳೆಯ ಪ್ರಶ್ನೆ ಎತ್ತಿದ್ದ. ಕಲ್ಪನೆಯಿಂದಲೇ ಗುಣವಾಗುವುದಾದರೆ ಅದನ್ನೇ ಔಷಧಿಯಾಗಿ ಯಾಕೆ ಬಳಸಬಾರದು? ನನ್ನ ಪ್ರಕಾರ ಇಡೀ ಪ್ರಸಂಗದಲ್ಲಿ ಇವತ್ತಿಗೂ ಹಳೆಯದಾಗದೆ ಉಳಿದಿರುವುದು ಈ ಪ್ರಶ್ನೆ.

ನೋವಿನ ವಿಷಯದಲ್ಲಿ ಡೆಸ್ಲಾನ್ ಮಾತು ಪೂರ್ತಿ ತಪ್ಪಲ್ಲ. 1978ರಲ್ಲಿ ಅಮೆರಿಕದ ಮೂವರು ಸಂಶೋಧಕರು ಹಲ್ಲು ಕೀಳಿಸಿಕೊಂಡವರಿಗೆ ಔಷಧಿಯೇ ಇಲ್ಲದ ಸುಳ್ಳು ಮದ್ದು ಕೊಟ್ಟರು. ಕೆಲವರ ನೋವು ಕಡಿಮೆಯಾಯಿತು. ಆಮೇಲೆ ನಲಾಕ್ಸೋನ್ ಕೊಟ್ಟರು. ಇದು ಅಫೀಮಿನಂಥ ವಸ್ತುಗಳು ಮೈಯಲ್ಲಿ ಕೆಲಸ ಮಾಡದಂತೆ ತಡೆಯುವ ಔಷಧಿ. ಹೋದ ನೋವು ವಾಪಸ್ ಬಂತು! ಅಂದರೆ ಗುಣವಾಗುತ್ತದೆ ಎಂಬ ನಿರೀಕ್ಷೆಯಿಂದ ಮೆದುಳು ತಾನೇ ನೋವು ನಿವಾರಕವನ್ನು ಬಿಡುಗಡೆ ಮಾಡಿತ್ತು. ಹಾಗಾಗಿ 'ಎಲ್ಲ ನಿನ್ನ ಭ್ರಮೆ' ಎಂದು ಸುಮ್ನೆ ತಳ್ಳಿಹಾಕುವುದು ವಿಜ್ಞಾನವೂ ಅಲ್ಲ, ಮರ್ಯಾದೆಯೂ ಅಲ್ಲ.

ಆದರೆ ಇದು ಎಲ್ಲಿಯ ತನಕ? 2011ರಲ್ಲಿ ಪ್ರಕಟವಾದ ಅಸ್ತಮಾ ಅಧ್ಯಯನವೊಂದು ಇದಕ್ಕೆ ಉತ್ತರ ಕೊಡುತ್ತದೆ. ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ದಿನ ನಾಲ್ಕು ಥರ ನೋಡಿದರು. ಒಂದು ದಿನ ನಿಜವಾದ ಇನ್‌ಹೇಲರ್, ಒಂದು ದಿನ ಔಷಧಿ ಇಲ್ಲದ ಇನ್‌ಹೇಲರ್, ಇನ್ನೊಂದು ದಿನ ಚುಚ್ಚಿದಂತೆ ಮಾಡುವ ಸುಳ್ಳು ಅಕ್ಯುಪಂಕ್ಚರ್, ಮತ್ತೊಂದು ದಿನ ಏನೂ ಇಲ್ಲ. ಪ್ರತಿ ಸಲವೂ ಎಷ್ಟು ಹಾಯಾಯಿತು ಎಂದು ಕೇಳಿದರು. ನಿಜವಾದ ಔಷಧಿಗೆ ಶೇ. 50, ಖಾಲಿ ಇನ್‌ಹೇಲರ್‌ಗೆ ಶೇ. 45, ಸುಳ್ಳು ಸೂಜಿಗೆ ಶೇ. 46ರಷ್ಟು ಸುಧಾರಣೆ ಎಂದರು. ಏನೂ ಮಾಡದಿದ್ದಾಗ ಶೇ. 21. ಇಷ್ಟಕ್ಕೇ ನಿಲ್ಲಿಸಿದ್ದರೆ ಮೂರೂ ಒಂದೇ ಎನ್ನಬಹುದಿತ್ತು.

ಅವರು ನಿಲ್ಲಿಸಲಿಲ್ಲ. ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಊದಬಲ್ಲರು ಎಂದು ಯಂತ್ರದಲ್ಲಿ ಅಳೆದರು. ನಿಜವಾದ ಔಷಧಿಯಿಂದ ಅದು ಶೇ. 20ರಷ್ಟು ಹೆಚ್ಚಿತ್ತು. ಉಳಿದ ಮೂರರಲ್ಲೂ ಶೇ. 7ರ ಆಸುಪಾಸು. ಅಂದರೆ ಸುಳ್ಳು ಸೂಜಿಯೂ ಒಂದೇ, ಸುಮ್ಮನೆ ಕೂತಿದ್ದರೂ ಒಂದೇ. ರೋಗಿಗೆ ಹಾಯೆನಿಸಿದೆ, ಶ್ವಾಸನಾಳ ಮಾತ್ರ ಇನ್ನೂ ಬಿಗಿದೇ ಇದೆ. ಅಸ್ತಮಾದಲ್ಲಿ ಇದು ಬಹಳ ಅಪಾಯ, ಯಾಕೆಂದರೆ ಹಾಯೆನಿಸಿದವರು ಆಸ್ಪತ್ರೆಗೆ ಹೋಗುವುದಿಲ್ಲ. ಕ್ಯಾನ್ಸರ್‌ನಲ್ಲಂತೂ ಇನ್ನೂ ಕಷ್ಟ. ಗುಣಪಡಿಸಬಹುದಾದ ಹಂತದಲ್ಲೇ ಬರೀ ಪರ್ಯಾಯ ಚಿಕಿತ್ಸೆಗೆ ಹೋದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಜಾಸ್ತಿ ಎಂದು 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಹೇಳಿತು.

ಇನ್ನು ನೆಗಡಿಯಂಥ ಕಾಯಿಲೆಯ ಕಥೆ ಗೊತ್ತೇ ಇದೆ. ಮದ್ದು ತಗೊಂಡರೆ ಒಂದು ವಾರ, ಇಲ್ಲದಿದ್ದರೆ ಏಳು ದಿನ. ಬೆನ್ನುನೋವು, ಕೀಲುನೋವು ಏರುತ್ತ ಇಳಿಯುತ್ತ ಇರುತ್ತವೆ. ತೀರಾ ಜಾಸ್ತಿಯಾದಾಗಲೇ ನಾವು ಯಾರ ಹತ್ತಿರವಾದರೂ ಓಡುವುದು. ಅಲ್ಲಿಂದ ಮುಂದೆ ನೋವು ಸಾಮಾನ್ಯವಾಗಿ ಇಳಿಯಲೇಬೇಕು, ಹೆಸರು ಮಾತ್ರ ಕೊನೆಗೆ ನೋಡಿದವರಿಗೆ.

ಹಾಗಂತ ಹಳೆಯದೆಲ್ಲ ಟೊಳ್ಳು ಎಂದುಕೊಳ್ಳುವುದೂ ಬೇಡ. ಚೀನಾದ ತು ಯೂಯೂ ಮಲೇರಿಯಾಕ್ಕೆ ಮದ್ದು ಹುಡುಕುತ್ತ ಹಳೆಯ ವೈದ್ಯ ಗ್ರಂಥಗಳನ್ನು ಜಾಲಾಡಿದರು. ಒಂದು ಗಿಡದ ಕಷಾಯ ಕೆಲವೊಮ್ಮೆ ಕೆಲಸ ಮಾಡುತ್ತಿತ್ತು, ಕೆಲವೊಮ್ಮೆ ಇಲ್ಲ. ಸುಮಾರು 1,600 ವರ್ಷ ಹಿಂದೆ ಗೆ ಹಾಂಗ್ ಬರೆದಿದ್ದ ಪುಸ್ತಕದಲ್ಲಿ ಆ ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು ಎಂದಿತ್ತು. ಕುದಿಸುವ ಮಾತೇ ಇರಲಿಲ್ಲ! ಬಿಸಿಗೆ ಔಷಧಿ ಗುಣ ಕೆಡುತ್ತಿರಬಹುದು ಎಂದು ಅವರಿಗೆ ಹೊಳೆಯಿತು. ಕಡಿಮೆ ಬಿಸಿಯಲ್ಲೇ ಕುದಿಯುವ ಈಥರ್ ಬಳಸಿ ಸಾರ ತೆಗೆದರು. ಹೀಗೆ ಸಿಕ್ಕಿದ್ದು ಆರ್ಟೆಮಿಸಿನಿನ್. 2015ರಲ್ಲಿ ಅವರಿಗೆ ನೊಬೆಲ್ ಬಂತು.

1971ರಲ್ಲಿ ಆ ಸಾರವನ್ನು ಮೊದಲು ಕೊಟ್ಟಿದ್ದು ಮಲೇರಿಯಾ ತಗುಲಿದ್ದ ಇಲಿಗಳಿಗೆ. ಅವುಗಳ ರಕ್ತದಲ್ಲಿ ಒಂದು ಪರಾವಲಂಬಿಯೂ ಉಳಿಯಲಿಲ್ಲ. ಇಲಿಗಳಿಗೆ ಗೆ ಹಾಂಗ್ ಯಾರೆಂದು ಗೊತ್ತಿರಲಿಲ್ಲ, ಕಣ್ಣಿಗೆ ಬಟ್ಟೆ ಕಟ್ಟುವ ಅಗತ್ಯವೂ ಇರಲಿಲ್ಲ.