ಪದ ಪರಿಚಯ: ಸಂಸ್ಕೃತಿಗೆ ಸ್ಪಂದಿಸುವ ಸ್ಪೀಚ್ ಥೆರಪಿ

ಸ್ಪೀಚ್ ಥೆರಪಿ, ಅಂದರೆ ಮಾತಿನ ಮತ್ತು ನುಂಗುವ ತೊಂದರೆಗಳ ಚಿಕಿತ್ಸೆ, ಓದುವವರಿಗೆ 'ಕಲ್ಚರಲಿ ರೆಸ್ಪಾನ್ಸಿವ್ ಪ್ರಾಕ್ಟೀಸ್' ಅನ್ನೋ ಪದ ಒಂದಲ್ಲ ಒಂದು ದಿನ ಎದುರಾಗುತ್ತದೆ. ಕನ್ನಡದಲ್ಲಿ ಸಂಸ್ಕೃತಿಗೆ ಸ್ಪಂದಿಸುವ ಚಿಕಿತ್ಸೆ ಅನ್ನಬಹುದು. ಚಿಕಿತ್ಸೆಗೆ ಬಂದವರ ಮನೆಯಲ್ಲಿ ಯಾವ ಮಾತು ಆಡುತ್ತಾರೆ, ಏನು ಉಣ್ಣುತ್ತಾರೆ, ಅಲ್ಲಿ ಯಾರ ಮಾತು ನಡೆಯುತ್ತದೆ ಅಂತ ತಿಳಿದುಕೊಂಡು ಅದಕ್ಕೆ ತಕ್ಕ ಹಾಗೆ ನಮ್ಮ ಕೆಲಸದ ರೀತಿ ಬದಲಿಸಿಕೊಳ್ಳುವುದು, ಇಷ್ಟೇ ಅರ್ಥ.

ಪದ ಬಂದದ್ದು ಅಮೆರಿಕದ ಶಾಲೆಗಳ ಚರ್ಚೆಯಿಂದ. ಕಪ್ಪು ಮಕ್ಕಳ ಮನೆಯ ಬದುಕು ಪಾಠದೊಳಗೆ ಬರಬೇಕು ಅಂತ ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್, ಜಿನೀವಾ ಗೇ ಅವರಂಥ ಶಿಕ್ಷಣ ತಜ್ಞರು ವಾದಿಸಿದರು. 1998ರಲ್ಲಿ ಮೆಲಾನಿ ಟರ್ವಾಲನ್ ಮತ್ತು ಜಾನ್ ಮರ್ರೆ-ಗಾರ್ಸಿಯಾ ಎಂಬ ಇಬ್ಬರು ವೈದ್ಯೆಯರು ಅದಕ್ಕೆ ಹತ್ತಿರದ ಇನ್ನೊಂದು ಮಾತು ಹೇಳಿದರು. ಇನ್ನೊಬ್ಬರ ಸಂಸ್ಕೃತಿಯನ್ನು ಕಲಿತು ಮುಗಿಸೋಕೆ ಆಗುವುದಿಲ್ಲ, ವಿನಯದಿಂದ ಕೇಳುತ್ತಲೇ ಇರಬೇಕು ಅಂತ. ಇತಿಹಾಸ ಇಷ್ಟು ಸಾಕು. ನನಗೆ ಇದರ ಅರ್ಥ ಹೊಳೆದದ್ದು ರಾಯಚೂರಿನಲ್ಲಿ.

ಆಗ ನಾನು ಊರಿಗೂ ಹೊಸಬಳು, ಸ್ಪೀಚ್ ಥೆರಪಿಸ್ಟ್ ಕೆಲಸಕ್ಕೂ ಹೊಸಬಳು. ನಾಲ್ಕು ವರ್ಷದ ಹುಡುಗನಿಗೆ ತೆನೆಯ ಚಿತ್ರ ತೋರಿಸಿದೆ. 'ಜ್ವಾಳ' ಅಂದ. ಹಾಳೆಯಲ್ಲಿ ಇದ್ದದ್ದು 'ಜೋಳ'. ತಪ್ಪು ಅಂತ ಗುರುತು ಹಾಕಿದೆ. ಆಮೇಲೆ 'ಮ್ಯಾಲ' ಅಂದ, 'ಬ್ಯಾಡ' ಅಂದ. ಅವಕ್ಕೂ ತಪ್ಪು ಹಾಕಿದೆ. ಪಕ್ಕದಲ್ಲಿ ಕೂತಿದ್ದ ಅವನ ಅಜ್ಜಿ ಹಾಳೆ ನೋಡಿ, "ಅದು ಜ್ವಾಳ ಅಲ್ಲೇನ್ರಿ ಮತ್ತ?" ಅಂದರು. ಅವರ ಬಾಯಲ್ಲೂ ಅದೇ ಪದ! ಹುಡುಗ ತನ್ನ ಮನೆಯ ಕನ್ನಡವನ್ನು ಸರಿಯಾಗಿಯೇ ಕಲಿತಿದ್ದ.

ಈ ಪದದ ಮೊದಲ ಪಾಠವೇ ಇದು. ಬೇರೆ ಥರ ಮಾತಾಡುವುದು ಬೇರೆ, ಮಾತಿನ ತೊಂದರೆ ಬೇರೆ. ಈ ಭಾಗದಲ್ಲಿ ಅದನ್ನು ಬಿಡಿಸಿ ನೋಡುವುದು ಸುಲಭವಲ್ಲ. ರಾಯಚೂರು ಪೇಟೆಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಒಂದೇ ಓಣಿಯಲ್ಲಿ ಕೇಳುತ್ತವೆ. ತಾಂಡಾಗಳಲ್ಲಿ ಲಂಬಾಣಿ. ಸಿಂಧನೂರಿನ ಸುತ್ತಲಿನ ಕೆಲವು ನಿರಾಶ್ರಿತರ ಕ್ಯಾಂಪ್‌ಗಳಲ್ಲಿ ಬಂಗಾಳಿ. ಎರಡು ಭಾಷೆ ಕೇಳಿ ಬೆಳೆದರೆ ಮಗುವಿನ ಮಾತು ಕೆಡುವುದಿಲ್ಲ. ನಿಜವಾದ ತೊಂದರೆ ಇದ್ದರೆ ಅದು ಎರಡೂ ಭಾಷೆಯಲ್ಲಿ ಕಾಣುತ್ತದೆ. ಆದರೂ "ಮನೆಯಲ್ಲಿ ಕನ್ನಡ ಒಂದೇ ಮಾತಾಡಿ" ಅನ್ನೋ ಸಲಹೆ ಇನ್ನೂ ಕೇಳಿಬರುತ್ತದೆ. ಅಜ್ಜಿಗೆ ಲಂಬಾಣಿ ಬಿಟ್ಟು ಬೇರೆ ಬರದಿದ್ದರೆ, ಆ ಸಲಹೆ ಮಗುವಿನಿಂದ ಅಜ್ಜಿಯನ್ನೇ ಕಿತ್ತುಕೊಂಡ ಹಾಗೆ, ಅಲ್ವಾ?

ದೊಡ್ಡವರ ವಿಷಯದಲ್ಲೂ ಹೀಗೇ. ಲಕ್ವ ಹೊಡೆದು ನುಂಗಲು ಕಷ್ಟಪಡುವವರಿಗೆ ಯಾವ ಹದದ ಆಹಾರ ಅಂತ ನಾವು ಹೇಳಬೇಕು. ಅದಕ್ಕೆ ಸೊನ್ನೆಯಿಂದ 7ರವರೆಗಿನ ಅಂತರರಾಷ್ಟ್ರೀಯ ಹಂತಗಳಿವೆ. ಪುಸ್ತಕದಲ್ಲಿ ಪುಡಿಂಗ್, ಕಸ್ಟರ್ಡ್ ಅಂತ ಇರುತ್ತದೆ. ಇಲ್ಲಿ ಆ ಹೆಸರು ಹೇಳಿ ಏನು ಪ್ರಯೋಜನ? ಅಂಬಲಿಯನ್ನೇ ತರಿಸಿ, ಚಮಚ ಓರೆ ಮಾಡಿ ಅದು ಹೇಗೆ ಜಾರುತ್ತದೆ ಅಂತ ಮನೆಯವರಿಗೆ ತೋರಿಸಿದರೆ ಅಡುಗೆಮನೆಯಲ್ಲಿ ಅವರೇ ಹದ ಹಿಡಿಯುತ್ತಾರೆ.

ಸ್ಪಂದಿಸುವುದು ಅಂದರೆ ಎಲ್ಲಕ್ಕೂ ಹೂಂ ಅನ್ನುವುದಲ್ಲ. ಮಾತು ಬಾರದ ಮಗುವನ್ನು ಕರೆತಂದವರು "ಇವರಜ್ಜನೂ ತಡಾ ಮಾಡಿ ಮಾತಾಡಿದ್ರು" ಅನ್ನುತ್ತಾರೆ. ಮಾತು ಬರಲಿ ಅಂತ ನಾಲಿಗೆಗೆ ಬಜೆ ತಿಕ್ಕಿರುತ್ತಾರೆ. ಬೈಯದೆ ಕೇಳಿಸಿಕೊಳ್ಳುತ್ತೇನೆ. ಆದರೆ ಮಗುವಿಗೆ ಕಿವಿ ಸರಿಯಾಗಿ ಕೇಳುತ್ತದೋ ಇಲ್ಲವೋ ನೋಡುವ ಪರೀಕ್ಷೆ ಒಂದು ದಿನವೂ ಮುಂದೆ ಹೋಗುವ ಹಾಗಿಲ್ಲ ಅಂತ ಗಟ್ಟಿಯಾಗಿಯೇ ಹೇಳುತ್ತೇನೆ.

ಈ ಪದಕ್ಕೂ ಥೆರಪಿಸ್ಟ್‌ನ ನೆಮ್ಮದಿಗೂ ಏನು ಸಂಬಂಧ ಅಂತ ಕೇಳಬಹುದು. ತುಂಬಾ ಇದೆ. ಕೆಲಸದಿಂದ ಬರುವ ಬಳಲಿಕೆ, ಅಂದರೆ ಬರ್ನ್‌ಔಟ್, ಹೇಗಿರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವಿವರಿಸಿತು. ಶಕ್ತಿಯೆಲ್ಲ ಬಸಿದುಹೋಗುವುದು, ಕೆಲಸದಿಂದ ಮನಸ್ಸು ದೂರವಾಗಿ ಕಹಿಯಾಗುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ಎರಡನೆಯದು ನನಗೆ ಚೆನ್ನಾಗಿ ಗೊತ್ತು.

ಮಗಳಿಗೆ ಮನೆಯಲ್ಲಿ ಮಾಡಿಸಲು ಕೊಟ್ಟ ಹೋಂವರ್ಕ್ ಏನಾಯಿತು ಅಂತ ಕೇಳಿದರೆ ಒಬ್ಬ ತಾಯಿ ಮೂರು ವಾರ ಒಂದೇ ಉತ್ತರ ಕೊಟ್ಟರು. "ಮಾಡ್ಸಾಕ ಆಗಲಿಲ್ರಿ ಮೇಡಂ." ನನಗೆ ಸಿಟ್ಟು ಬರತೊಡಗಿತು. ಈಕೆಗೆ ಮಗಳ ಚಿಂತೆಯೇ ಇಲ್ಲ ಅಂದುಕೊಂಡೆ. ಅವರು ಬರುವ ದಿನ ಬೆಳಿಗ್ಗೆಯೇ ಸುಸ್ತಾಗುತ್ತಿತ್ತು. ನಾಲ್ಕನೇ ವಾರ ಹೋಂವರ್ಕ್ ವಿಷಯ ಬಿಟ್ಟು, ನಿಮ್ಮ ದಿನ ಹೇಗೆ ಹೋಗುತ್ತೆ ಅಂತ ಕೇಳಿದೆ. ಕತ್ತಲಲ್ಲೇ ಎದ್ದು ರೊಟ್ಟಿ ಬಡಿಯುವುದು, ಹತ್ತಿ ಬಿಡಿಸಲು ಹೊಲಕ್ಕೆ ಹೋಗುವುದು, ಸಂಜೆ ಬಂದು ಮತ್ತೆ ಒಲೆ. ನಾನು ಬರೆದುಕೊಟ್ಟಿದ್ದು 'ದಿನಕ್ಕೆ ಅರ್ಧ ಗಂಟೆ ಎದುರು ಕೂರಿಸಿಕೊಂಡು ಆಟ ಆಡಿಸಿ'. ಆ ಮನೆಯಲ್ಲಿ ಅರ್ಧ ಗಂಟೆ ಕೂರುವವರೇ ಇಲ್ಲ. ರೊಟ್ಟಿ ಬಡಿಯುವಾಗ ಮಾತ್ರ ಹುಡುಗಿ ಒಲೆಯ ಹತ್ತಿರ ಬಂದು ಕೂರುತ್ತಾಳಂತೆ. ಹೋಂವರ್ಕ್ ಅಲ್ಲಿಗೇ ಹೋಯಿತು. 'ಬಡಿ', 'ಹಾಕು', 'ತಾ', 'ಬಿಸಿ'. ನಾಲ್ಕೇ ಪದ. ಮುಂದಿನ ವಾರ ನಾನು ಕೇಳುವ ಮೊದಲೇ ಅವರು ಹೇಳಲು ಶುರು ಮಾಡಿದರು. ನನ್ನ ಸುಸ್ತಿಗೆ ರಜೆಗಿಂತ ಜಾಸ್ತಿ ಕೆಲಸ ಮಾಡಿದ್ದು ಆ ಒಂದು ಪ್ರಶ್ನೆ.

ಗುಳೆಯ ವಿಷಯವೂ ಹೀಗೇ. ಸುಗ್ಗಿ ಮುಗಿದ ಮೇಲೆ ಎಷ್ಟೋ ಮನೆಯವರು ಬೆಂಗಳೂರು, ಪುಣೆ ಕಡೆ ದುಡಿಯಲು ಹೋಗುತ್ತಾರೆ. ರಿಜಿಸ್ಟರ್‌ನಲ್ಲಿ ಅದು 'ಡ್ರಾಪ್‌ಔಟ್'. ಈಗ ಮೊದಲ ಭೇಟಿಯಲ್ಲೇ ಯಾವಾಗ ಹೋಗ್ತೀರಿ, ಯಾವಾಗ ಬರ್ತೀರಿ ಅಂತ ಕೇಳಿ ಅದರಂತೆ ಪಾಠ ಕಟ್ಟುತ್ತೇನೆ.

ಆದರೆ ಎಲ್ಲವನ್ನೂ ಥೆರಪಿಸ್ಟ್‌ನ ಮೇಲೆ ಹೊರಿಸಬಾರದು. ನನ್ನ ಜೊತೆ ಕೆಲಸ ಮಾಡುವ ಒಬ್ಬಾಕೆ ತಾಂಡಾದಲ್ಲಿ ಬೆಳೆದವಳು. ಲಂಬಾಣಿ ಮಾತಾಡುವ ಯಾರೇ ಬರಲಿ, "ಸ್ವಲ್ಪ ಬಂದು ಹೇಳಮ್ಮ" ಅಂತ ಎಲ್ಲ ಕೋಣೆಗಳಿಂದ ಅವಳಿಗೇ ಕರೆ. ಅವಳ ಸ್ವಂತ ಕೇಸ್‌ಗಳು ಊಟದ ಹೊತ್ತು ದಾಟಿ ಹೋಗುತ್ತಿದ್ದವು. ಆಕೆ ಬೇಡ ಅನ್ನುತ್ತಿರಲಿಲ್ಲ, ತನ್ನವರು ಅಲ್ವಾ. ಭಾಷೆ ಗೊತ್ತಿರುವುದನ್ನು ನಾವು ಪುಕ್ಕಟೆ ಕೆಲಸ ಮಾಡಿಕೊಂಡಿದ್ದೆವು. ಈಗ ಅವಳು ಬೇರೆಯವರ ಕೋಣೆಯಲ್ಲಿ ಕೂತ ಸಮಯವನ್ನೂ ರಿಜಿಸ್ಟರ್‌ನಲ್ಲಿ ಬರೆಯುತ್ತೇವೆ. ಅಂಥ ದಿನ ಅವಳ ಪಟ್ಟಿಯಲ್ಲಿ ಎರಡು ಕೇಸ್ ಕಡಿಮೆ.